ನೋವಿನ ಪ್ರಾಮಾಣ್ಯ, ಮದ್ದಿನ ಪ್ರಾಮಾಣ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಗಳಲ್ಲಿ ಹೆಣ್ಣುಮಕ್ಕಳ ತಿಂಗಳ ನೋವನ್ನು ಕುರಿತು ಎರಡು ಬಗೆಯ ಮಾತುಗಳು ತಲೆಮಾರುಗಳಿಂದ ನಡೆದುಬಂದಿವೆ. ಹೊಟ್ಟೆಯನ್ನು ಅವುಚಿ ಹಿಡಿದು ಮುದುರಿ ಮಲಗಿದ ಹುಡುಗಿಗೆ ಅಜ್ಜಿಯೋ ದೊಡ್ಡವ್ವನೋ, “ಎಲ್ಲಾರ್ಗೂ ಆಗೋದೆ ಕಣವ್ವ, ವಸಿ ತಡ್ಕೊ, ಮದ್ವೆ ಆದ್ರೆ ಸರೋಯ್ತದೆ” ಎನ್ನುವುದು ಒಂದು. ಅದೇ ಹುಡುಗಿ ವರುಷಗಳು ಕಳೆದು, ಮದುವೆಯಾಗಿಯೂ ಸರಿಹೋಗದ ನೋವನ್ನು ಹೊತ್ತು ನೆಂಟರ ಮನೆಗೆ ಹೋದಾಗ, “ನಮ್ಮ ನಾದ್ನಿಗೂ ಹಿಂಗೇ ಇತ್ತು ಕಣಕ್ಕ, ಈ ಪುಡಿ ತಕಂಡು ಮೂರು ತಿಂಗ್ಳಿಗೆ ವಾಸಿಯಾಯ್ತು” ಎಂದು ಅಕ್ಕರೆಯಿಂದ ಹೇಳುವುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಹುಟ್ಟಿದ ಮಾತುಗಳು, ಆಡಿದವರಲ್ಲಿ ಕಪಟವಿಲ್ಲ. ಆದರೂ ಜ್ಞಾನದ ದೃಷ್ಟಿಯಿಂದ ಪರಾಮರ್ಶಿಸಿದರೆ ಇವೆರಡರಲ್ಲೂ ಒಂದೇ ವಿಪರ್ಯಾಸ ನೆಲೆಸಿರುವುದು ಕಾಣುತ್ತದೆ: ಯಾವುದನ್ನು ಸಂಶಯಕ್ಕೆ ಎಡೆಗೊಡದೆ ನಂಬಬೇಕಾಗಿತ್ತೋ ಅದನ್ನು ನಾವು ಸಂಶಯಿಸುತ್ತೇವೆ, ಯಾವುದನ್ನು ಪರೀಕ್ಷಿಸಿ ನಂಬಬೇಕಾಗಿತ್ತೋ ಅದನ್ನು ಪರೀಕ್ಷೆಯಿಲ್ಲದೆ ಅಂಗೀಕರಿಸುತ್ತೇವೆ.

ತಿಂಗಳ ನೋವಿಗೆ ಕಾರಣಗಳು ಅನೇಕ. ಅವುಗಳಲ್ಲಿ ಒಂದಕ್ಕೆ ಇಂದಿನ ವೈದ್ಯರು ಎಂಡೊಮೆಟ್ರಿಯೋಸಿಸ್ ಎಂದು ಹೆಸರಿಟ್ಟಿದ್ದಾರೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ, ಕಿಬ್ಬೊಟ್ಟೆಯ ಒಳಪೊರೆಯ ಮೇಲೋ, ಕೆಲವೊಮ್ಮೆ ಕರುಳು ಮೂತ್ರಕೋಶಗಳ ಮೇಲೋ ನೆಲೆಯೂರಿ, ತಿಂಗಳು ತಿಂಗಳೂ ಕೆರಳಿ, ಉರಿಯೂತವನ್ನು ಎಬ್ಬಿಸಿ, ಅಂಗಗಳನ್ನು ಒಂದಕ್ಕೊಂದು ಅಂಟಿಸುವಂಥ ವ್ಯಾಧಿಯಿದು. ಮುಟ್ಟಿನ ದಿನಗಳಲ್ಲಿ ಮಾತ್ರವಲ್ಲದೆ ಮಲವಿಸರ್ಜನೆಯಲ್ಲಿ, ದಾಂಪತ್ಯದಲ್ಲಿ, ಏನೂ ಇಲ್ಲದ ಬರಿಯ ದಿನಗಳಲ್ಲಿಯೂ ನೋವು ಬಾಧಿಸಬಹುದು, ಬಸಿರಾಗುವುದಕ್ಕೂ ಅಡ್ಡಿಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇಕಡಾ 10ರಷ್ಟು, ಅಂದರೆ ಲೋಕದಲ್ಲಿ ಒಟ್ಟು 19 ಕೋಟಿ ಮಂದಿ, ಇದರಿಂದ ಪೀಡಿತರು. ನೋವು ಆರಂಭವಾದಾಗಿನಿಂದ ರೋಗಕ್ಕೆ ಹೆಸರು ದೊರೆಯುವವರೆಗೆ ಅನೇಕರ ಬಾಳಿನಲ್ಲಿ ಏಳೆಂಟು ವರುಷಗಳು ಸಂದುಹೋಗುತ್ತವೆ. ಈ ವಿಳಂಬಕ್ಕೆ ಉಪಕರಣಗಳ ಕೊರತೆಯೊಂದೇ ಕಾರಣವಲ್ಲ. ಹೇಳಿದವಳ ಮಾತನ್ನು ಪ್ರಮಾಣವೆಂದು ಎಣಿಸದಿರುವುದೂ ಒಂದು ಹಿರಿದಾದ ಕಾರಣ.

ಈ ಸ್ಥಳದಲ್ಲಿ ನಮ್ಮ ದರ್ಶನಶಾಸ್ತ್ರದ ಒಂದು ವಿಚಾರ ನೆನಪಿಗೆ ಬರುತ್ತದೆ. ಮಳವಳ್ಳಿಯಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಬನ್ನೂರು ವ್ಯಾಸರಾಯರ ಜನ್ಮಸ್ಥಳವೆಂದು ಪ್ರಸಿದ್ಧವಾದುದು. ಮಧ್ವಾಚಾರ್ಯರ ಸಿದ್ಧಾಂತವನ್ನು ತರ್ಕದ ಒರೆಗಲ್ಲಿಗೆ ಹಚ್ಚಿ ಸ್ಥಾಪಿಸಿದ ಅವರ ಗ್ರಂಥಗಳಲ್ಲಿ ತರ್ಕತಾಂಡವವೂ ಒಂದು. ಆ ಪರಂಪರೆಯಲ್ಲಿ ಸಾಕ್ಷಿ ಎಂಬ ತತ್ತ್ವಕ್ಕೆ ಅತ್ಯುನ್ನತವಾದ ಸ್ಥಾನವುಂಟು. ಕಣ್ಣು ಮೋಸಹೋಗಬಹುದು, ಕಿವಿ ತಪ್ಪಾಗಿ ಕೇಳಬಹುದು, ಮನಸ್ಸೂ ಭ್ರಮಿಸಬಹುದು. ಆದರೆ ಸುಖದುಃಖಗಳನ್ನು ನೇರವಾಗಿ ಅರಿಯುವ ಸಾಕ್ಷಿಗೆ ಭ್ರಮೆಯಿಲ್ಲ. ನನಗೆ ನೋವಾಗುತ್ತಿದೆ ಎಂಬ ಅರಿವಿಗೆ ಇನ್ನೊಂದು ಪ್ರಮಾಣದ ಊರೆಗೋಲು ಬೇಡ. ಇತರ ಪ್ರಮಾಣಗಳೇ ತಮ್ಮ ನಿಶ್ಚಯಕ್ಕಾಗಿ ಕಡೆಗೆ ಸಾಕ್ಷಿಯನ್ನು ಆಶ್ರಯಿಸಬೇಕು. ದ್ವೈತ ಮತದ ಉಳಿದ ಸಿದ್ಧಾಂತಗಳನ್ನು ಒಪ್ಪದವರೂ ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಹೀಗಿರುವಾಗ, ನೋವೆಂದು ಹೇಳುವವಳ ಎದುರಿನಲ್ಲಿ ಕುಳಿತು ಅಷ್ಟೇನೂ ಇರಲಾರದು ಎನ್ನುವವನು, ತನಗೆ ಎಂದಿಗೂ ಪ್ರವೇಶವಿಲ್ಲದ ಒಂದು ಕೋಣೆಯ ವಿಷಯದಲ್ಲಿ, ಒಳಗೆ ನಿಂತವಳ ವಚನಕ್ಕೆ ವಿರುದ್ಧವಾಗಿ ತೀರ್ಪು ಕೊಡುತ್ತಾನೆ. ವೈದ್ಯಶಾಸ್ತ್ರವೂ ಇದನ್ನೇ ಪುಷ್ಟೀಕರಿಸುತ್ತದೆ: ಒಳಗೆ ಕಾಣುವ ಗಾಯಗಳ ಹರವಿಗೂ ನೋವಿನ ತೀವ್ರತೆಗೂ ಹೊಂದಾಣಿಕೆ ಬಹಳ ಸಡಿಲ, ಅಲ್ಪವಾದ ಕಲೆಗಳಿದ್ದವಳು ಏಳಲಾರದೆ ಮಲಗಬಹುದು, ವ್ಯಾಪಕವಾದ ರೋಗವಿದ್ದವಳು ಏನೂ ಅರಿಯದೆ ಇರಬಹುದು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂಬುದರಿಂದ ನೋವಿಲ್ಲವೆಂಬ ನಿರ್ಣಯ ಹೊರಡುವುದಿಲ್ಲ.

ಈ ಅವಿಶ್ವಾಸದ ಬೇರು ಎಲ್ಲಿದೆ? ಮುಟ್ಟನ್ನು ಮೈಲಿಗೆಯೆಂದು ಬಗೆದು, ಮೂರು ದಿನ ಹೆಂಗಸು ಹೊರಗೆ ಕೂರಬೇಕೆಂದು ವಿಧಿಸಿ, ಅದರ ಹೆಸರನ್ನೂ ಗಟ್ಟಿಯಾಗಿ ಉಚ್ಚರಿಸದಿರುವ ಸಂಪ್ರದಾಯದಲ್ಲಿದೆಯೆಂದು ನನ್ನ ದೃಢವಾದ ನಂಬಿಕೆ. ಹಿತ್ತಿಲ ಬಾಗಿಲಿನ ಬದಿಯಲ್ಲಿ ಪ್ರತ್ಯೇಕವಾಗಿಟ್ಟ ತಟ್ಟೆ, ಲೋಟ, ಚಾಪೆ. ಅಡಿಗೆಮನೆಯ ಹೊಸ್ತಿಲಿನಾಚೆಯಿಂದ ನೀಡಿದ ಮುದ್ದೆ, ಸಾರು: ಇವನ್ನು ಕಂಡು ಬೆಳೆದ ಬಾಲೆ ತನ್ನ ಶರೀರದ ಈ ಭಾಗ ಮಾತಿಗೆ ಯೋಗ್ಯವಾದುದಲ್ಲವೆಂದು ಯಾರೂ ಹೇಳದೆಯೇ ಕಲಿಯುತ್ತಾಳೆ. ಯಾವುದರ ಮೇಲೆ ಮೌನವನ್ನು ವಿಧಿಸಿದ್ದೇವೆಯೋ ಅದರ ವಿಷಯದಲ್ಲಿ ಸಾಕ್ಷ್ಯವನ್ನು ಕೇಳುವ ಅಧಿಕಾರ ನಮಗೆ ಎಲ್ಲಿಂದ ಬರಬೇಕು? ಇದೇ ಕನ್ನಡ ನಾಡಿನಲ್ಲಿ 12ನೆಯ ಶತಮಾನದ ಶರಣರ ಧರ್ಮವು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿ, ಲಿಂಗವನ್ನು ಧರಿಸಿದ ದೇಹಕ್ಕೆ ರಜಸ್ಸೂತಕವೂ ತಟ್ಟದೆಂದು ಸಾರಿತೆಂಬುದನ್ನು ನೆನೆದರೆ ಎದೆ ಉಬ್ಬುತ್ತದೆ. ಆ ಧರ್ಮವನ್ನು ಅನುಸರಿಸುವ ಮನೆಗಳಲ್ಲಿಯೂ ಸೂತಕ ಹಿಂಬಾಗಿಲಿನಿಂದ ಮರಳಿ ಬಂದು ಕುಳಿತಿರುವುದನ್ನು ಕಂಡರೆ ವ್ಯಥೆಯಾಗುತ್ತದೆ. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟವು ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನಗಳ ಸವೇತನ ಮುಟ್ಟಿನ ರಜೆಯನ್ನು ಒಪ್ಪಿದ್ದು ಈ ಮೌನವನ್ನು ಮುರಿಯುವ ಒಂದು ಹೆಜ್ಜೆ. ಆದರೆ ನಾಲೆಯ ಬಯಲಿನಲ್ಲಿ ಕಬ್ಬಿನ ಸೋಗೆ ಕೀಳುವ, ನಾಟಿ ನೆಡುವ ದಿನಗೂಲಿಯ ಹೆಂಗಸಿಗೆ ರಜೆಯೆಂದರೆ ಇಂದಿಗೂ ಕೂಲಿಯಿಲ್ಲದ ದಿನ.

ಇನ್ನು ಎರಡನೆಯ ಮಾತು. ಈ ಪುಡಿಯಿಂದ ವಾಸಿಯಾಯಿತು ಎನ್ನುವವಳು ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತಾಳೆ. ನೋವು ಕಡಮೆಯಾಯಿತು ಎಂಬುದು ಸಾಕ್ಷಿಯ ಮಾತು. ಅದನ್ನು ತಲೆಬಾಗಿ ಒಪ್ಪಬೇಕು. ಪುಡಿಯಿಂದ ಕಡಮೆಯಾಯಿತು ಎಂಬುದಾದರೋ ಕಾರ್ಯಕಾರಣಗಳ ಸಂಬಂಧವನ್ನು ಕುರಿತ ಅನುಮಾನ, ಅಂದರೆ ತರ್ಕದಿಂದ ಊಹಿಸಿದ ನಿರ್ಣಯ. ಸಾಕ್ಷಿಗೆ ನೋವು ಗೋಚರ. ನೋವನ್ನು ಕಳೆದದ್ದು ಯಾವುದೆಂಬುದು ಗೋಚರವಲ್ಲ. ಅನುಮಾನಕ್ಕೆ ವ್ಯಾಪ್ತಿ, ಅಂದರೆ ಎರಡರ ನಡುವಿನ ತಪ್ಪದ ಸಂಬಂಧ, ಬೇಕು. ವ್ಯಾಪ್ತಿಗೆ ಅನ್ವಯವೂ ವ್ಯತಿರೇಕವೂ ಬೇಕು. ಮದ್ದು ಇದ್ದಲ್ಲಿ ಶಮನವಿತ್ತು ಎಂದರೆ ಅರ್ಧ ಕೆಲಸವಾಯಿತು. ಮದ್ದು ಇಲ್ಲದಲ್ಲಿ ಶಮನವಿರಲಿಲ್ಲ ಎಂಬುದನ್ನು ತೋರಿಸಿದಾಗಲೇ ಮಿಕ್ಕ ಅರ್ಧ ಪೂರ್ತಿಯಾಗುವುದು. ಎಂಡೊಮೆಟ್ರಿಯೋಸಿಸ್ ಏರಿಳಿತಗಳುಳ್ಳ ವ್ಯಾಧಿ. ನೋವು ಪರಾಕಾಷ್ಠೆಗೆ ಏರಿದ ತಿಂಗಳಿನಲ್ಲಿಯೇ ಹೆಂಗಸು ಹೊಸ ಮದ್ದನ್ನು ಅರಸಿ ಹೊರಡುತ್ತಾಳಾದ್ದರಿಂದ, ಮುಂದಿನ ತಿಂಗಳುಗಳಲ್ಲಿ ಅದು ತಾನಾಗಿ ಇಳಿಯುವುದೂ ಮದ್ದಿನ ಮಹಿಮೆಯಾಗಿ ತೋರುತ್ತದೆ. ನಮ್ಮ ಹಿರಿಯರು ಕಾಕತಾಳೀಯ ನ್ಯಾಯವೆಂದದ್ದು ಇಂಥದನ್ನೇ. 2017ರಲ್ಲಿ ಎಲಗೋಲಿಕ್ಸ್ ಎಂಬ ಔಷಧದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಪ್ರಕಟವಾದಾಗ, ಔಷಧವೇ ಇಲ್ಲದ ಹುಸಿ ಗುಳಿಗೆಯನ್ನು ನುಂಗಿದವರಲ್ಲಿಯೂ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟಿನ ನೋವು, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮುಟ್ಟಲ್ಲದ ದಿನಗಳ ನೋವು, ಗಣನೀಯವಾಗಿ ಇಳಿದಿತ್ತು. ಅವರು ಸುಳ್ಳು ಹೇಳಲಿಲ್ಲ. ಅವರ ನೋವು ನಿಜವಾಗಿಯೂ ಇಳಿಯಿತು. ಇಳಿಸಿದ್ದು ಮಾತ್ರ ಆ ಗುಳಿಗೆಯೊಳಗಿನ ದ್ರವ್ಯವಲ್ಲ.

ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಕಡಲೆಕಾಯಿಯಲ್ಲಿಯೂ ಇರುವ ರೆಸ್ವೆರಾಟ್ರಾಲ್ ಎಂಬ ಸಸ್ಯದ್ರವ್ಯದ ಕಥೆ ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದುದು. ಗರ್ಭನಿರೋಧಕ ಗುಳಿಗೆಯಿಂದಲೂ ನೋವು ತಗ್ಗದ 12 ಮಂದಿ ಹೆಂಗಸರಿಗೆ ಬ್ರೆಜಿಲ್ ದೇಶದ ವೈದ್ಯರು ಅದರೊಡನೆ ದಿನಕ್ಕೆ 30 ಮಿಲಿಗ್ರಾಂ ರೆಸ್ವೆರಾಟ್ರಾಲನ್ನು ಕೂಡಿಸಿ ಕೊಟ್ಟು, ಎರಡು ತಿಂಗಳಲ್ಲಿ ಐವರಲ್ಲಿ ನಾಲ್ವರಷ್ಟು ಮಂದಿ ನೋವಿನಿಂದ ಪೂರ್ಣವಾಗಿ ಮುಕ್ತರಾದರೆಂದು 2012ರಲ್ಲಿ ವರದಿ ಮಾಡಿದರು. ಎಂಥ ಆಶಾದಾಯಕವಾದ ವಾರ್ತೆ! ಆದರೆ ಅದರಲ್ಲಿ ವ್ಯತಿರೇಕವಿರಲಿಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ಅದೇ ದೇಶದ ಬೇರೆ ವೈದ್ಯರು 44 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎಲ್ಲರಿಗೂ ಗರ್ಭನಿರೋಧಕ ಗುಳಿಗೆಯನ್ನಿತ್ತು, ಒಂದು ಗುಂಪಿಗೆ ದಿನಕ್ಕೆ 40 ಮಿಲಿಗ್ರಾಂ ರೆಸ್ವೆರಾಟ್ರಾಲನ್ನೂ ಮತ್ತೊಂದಕ್ಕೆ ಹುಸಿ ಗುಳಿಗೆಯನ್ನೂ 42 ದಿನ ಕೊಟ್ಟು, 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಗಣ್ಯವಾದ ಅಂತರ ಕಾಣಲಿಲ್ಲ. ನಮ್ಮ ಅರಿಶಿನದ ಸಾರವಾದ ಕುರ್ಕುಮಿನ್ನಿಗೂ ಇದೇ ಗತಿಯಾಯಿತು. ಪ್ರಯೋಗಶಾಲೆಯ ಜೀವಕೋಶಗಳ ಮೇಲೆ, ಇಲಿಗಳ ಮೇಲೆ, ಅದು ಉರಿಯೂತವನ್ನು ತಗ್ಗಿಸುವುದನ್ನು ಕಂಡು ಹಿಗ್ಗಿದವರು ಅನೇಕರು; ಇರಾನಿನಲ್ಲಿ ಎಂಡೊಮೆಟ್ರಿಯೋಸಿಸ್ ಇದ್ದ 86 ಮಂದಿಗೆ 500 ಮಿಲಿಗ್ರಾಮಿನ ಗುಳಿಗೆಯನ್ನು ದಿನಕ್ಕೆರಡರಂತೆ ಎಂಟು ವಾರ ಕೊಟ್ಟು ಹುಸಿ ಗುಳಿಗೆಯೊಡನೆ ಹೋಲಿಸಿದಾಗ, ನೋವಿನಲ್ಲಾಗಲಿ ಬಾಳಿನ ನೆಮ್ಮದಿಯಲ್ಲಾಗಲಿ ಭೇದ ತೋರಲಿಲ್ಲ. ಐರೋಪ್ಯ ತಜ್ಞರ ಸಂಘವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಆಹಾರ, ಚೀನೀ ಮೂಲಿಕೆ ಮೊದಲಾದ ಉಪಾಯಗಳಲ್ಲಿ ಇಂಥದೇ ಹಿತವೆಂದು ಶಿಫಾರಸು ಮಾಡುವಷ್ಟು ಆಧಾರ ದೊರೆತಿಲ್ಲವೆಂದೇ ಹೇಳುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ, ಮತ್ತು ಅದು ಗೌರವಕ್ಕೆ ಅರ್ಹವಾದ ಆಕ್ಷೇಪ. ಸಾವಿರಾರು ವರುಷಗಳ ಆಪ್ತವಾಕ್ಯ, ಅಂದರೆ ನಂಬತಕ್ಕ ಹಿರಿಯರ ಮಾತು, ನಮಗಿರುವಾಗ ಬ್ರೆಜಿಲ್ಲಿನ 44 ಮಂದಿಯ ಲೆಕ್ಕವೇಕೆ? ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳ, ಅಂದರೆ ಸ್ತ್ರೀರೋಗಗಳ, ವಿವರಣೆಯಿದೆ. ಅವುಗಳಲ್ಲಿ ಉದಾವರ್ತವೆಂಬುದು ವಾಯುವು ಮೇಲ್ಮುಖವಾಗಿ ಚಲಿಸಿ ಆರ್ತವವನ್ನು, ಅಂದರೆ ಮುಟ್ಟಿನ ಸ್ರಾವವನ್ನು, ನೋವಿನಿಂದ ಹೊರಪಡಿಸುವ ವ್ಯಾಧಿ. 1927ರಲ್ಲಿ ಅಮೆರಿಕದ ಸ್ಯಾಂಪ್ಸನ್ ಎಂಬ ವೈದ್ಯನು, ಮುಟ್ಟಿನ ರಕ್ತವು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಕಿಬ್ಬೊಟ್ಟೆಗೆ ಹರಿಯುವುದರಿಂದ ಎಂಡೊಮೆಟ್ರಿಯೋಸಿಸ್ ಹುಟ್ಟುತ್ತದೆಂದು ವಾದಿಸಿದ್ದನ್ನು ಓದಿದವರಿಗೆ, ನಮ್ಮವರು ಇದನ್ನು ಮೊದಲೇ ಕಂಡಿದ್ದರೆಂಬ ಉತ್ಸಾಹ ಉಕ್ಕುವುದು ಸ್ವಾಭಾವಿಕ. ಆದರೆ ಚರಕನೇ ಕೊಡುವ ಲಕ್ಷಣವನ್ನು ಸಾವಧಾನವಾಗಿ ನೋಡಬೇಕು: ಉದಾವರ್ತದಲ್ಲಿ ಆರ್ತವ ಹೊರಬಿದ್ದೊಡನೆ ನೋವು ಶಮನವಾಗುತ್ತದೆ. ಎಂಡೊಮೆಟ್ರಿಯೋಸಿಸ್ಸಿನ ನೋವು ಅನೇಕ ವೇಳೆ ಹಾಗಲ್ಲ. ಸ್ರಾವ ಹರಿದ ಮೇಲೂ ಉಳಿಯುತ್ತದೆ, ಮುಟ್ಟಿಲ್ಲದ ದಿನಗಳಿಗೂ ಹಬ್ಬುತ್ತದೆ. ಒಂದು ವ್ಯಾಧಿಗೆ ಹೇಳಿದ ಆಪ್ತವಾಕ್ಯವನ್ನು ಮತ್ತೊಂದಕ್ಕೆ ಹಚ್ಚುವುದು ಆಪ್ತರಿಗೆ ಸಲ್ಲಿಸುವ ಗೌರವವಾಗಲಾರದು. ಹಿಮ್ಮುಖ ಹರಿವು ಬಹುತೇಕ ಎಲ್ಲ ಹೆಂಗಸರಲ್ಲಿಯೂ ಇದ್ದು ರೋಗ ಕೆಲವರಿಗೆ ಮಾತ್ರ ಬರುವುದರಿಂದ, ಸ್ಯಾಂಪ್ಸನ್ನನ ವಾದವೂ ಸಂಪೂರ್ಣವಲ್ಲವೆಂಬುದನ್ನು ಈಗಿನವರು ಬಲ್ಲರು.

ದ್ರವ್ಯದ ಪರಿಚಯವೂ ಇಷ್ಟೇ ಮುಖ್ಯ. ಅಶೋಕದ ತೊಗಟೆಯಿಂದ ಮಾಡುವ ಅಶೋಕಾರಿಷ್ಟ ನಮ್ಮಲ್ಲಿ ಹೆಂಗಸರ ಮದ್ದೆಂದೇ ಹೆಸರಾದುದು. ಕಚೇರಿ ಕಾಲೇಜುಗಳ ಕಾಂಪೌಂಡಿನುದ್ದಕ್ಕೂ ಕಂಬದಂತೆ ನೆಟ್ಟಗೆ ನಿಂತ, ಅಲೆಯಲೆಯಾದ ಅಂಚಿನ ನೀಳವಾದ ಎಲೆಗಳ ಮರವನ್ನು ಜನ ಅಶೋಕವೆನ್ನುತ್ತಾರೆ, ಅದು ಅಶೋಕವಲ್ಲ. ನಿಜವಾದ ಅಶೋಕಕ್ಕೆ ಕಿತ್ತಳೆ ಕೆಂಪಿನ ಹೂಗೊಂಚಲು, ಜೋಲಾಡುವ ತಾಮ್ರವರ್ಣದ ಚಿಗುರು. ಅದು ಕಾಡಿನಲ್ಲಿ ಕ್ಷೀಣಿಸಿ ಅಪಾಯದಂಚಿನ ಸಸ್ಯಗಳ ಪಟ್ಟಿಗೆ ಸೇರಿದೆ, ಮತ್ತು ಅದರ ತೊಗಟೆಯ ಹೆಸರಿನಲ್ಲಿ ಆ ಕಂಬದ ಮರದ ತೊಗಟೆ ಮಾರುಕಟ್ಟೆಗೆ ಬರುತ್ತಿರುವುದನ್ನು ಸಸ್ಯಶಾಸ್ತ್ರಜ್ಞರು ಪತ್ತೆಹಚ್ಚಿದ್ದಾರೆ. ಆಪ್ತವಾಕ್ಯ ಅಶೋಕವನ್ನು ಕುರಿತದ್ದು. ಸೀಸೆಯಲ್ಲಿರುವುದು ಅದೇ ಎಂದು ಹೇಳುವವರಾರು? 1940ರ ಔಷಧ ಕಾಯಿದೆಯ ನಿಯಮಗಳ ಪ್ರಕಾರ, ಶಾಸ್ತ್ರಗ್ರಂಥದಲ್ಲಿ ಹೇಳಿದ ಯೋಗವನ್ನು ಹೇಳಿದಂತೆಯೇ ತಯಾರಿಸಿದರೆ ಪರವಾನಗಿಗೆ ಹೊಸದಾಗಿ ಚಿಕಿತ್ಸಾಪರೀಕ್ಷೆ ಬೇಕಿಲ್ಲ. ಮೂಲಿಕೆಯ ಸಾರವನ್ನು ಆಹಾರಪೂರಕವೆಂಬ ಹೆಸರಿನಲ್ಲಿ ಮಾರುವ ಡಬ್ಬಿಯನ್ನಾದರೋ ಕೈಗೆತ್ತಿಕೊಂಡು ನೋಡಿ: ಮುಂಬದಿಯಲ್ಲಿ ಹಸಿರೆಲೆ, ನಗುವ ತರುಣಿ, ಸ್ತ್ರೀಯರ ನೆಮ್ಮದಿಯ ಆಶ್ವಾಸನೆ, ಚೀಟಿಯ ಮೇಲೆ ಔಷಧೀಯ ಬಳಕೆಗಲ್ಲ ಎಂಬ, ಕಾನೂನು ಕಡ್ಡಾಯಗೊಳಿಸಿದ ಒಕ್ಕಣೆ. ಆ ಚೀಟಿಯಲ್ಲಿ ಅತ್ಯಂತ ಸತ್ಯವಾದ ಪಂಕ್ತಿ ಅದೊಂದೇ.

ಚರಕನ ಸೂತ್ರಸ್ಥಾನದ 11ನೆಯ ಅಧ್ಯಾಯ ನನಗೆ ಬಹಳ ಪ್ರಿಯವಾದುದು. ಪ್ರಾಣ, ಧನ, ಪರಲೋಕ ಎಂಬ ಮೂರು ಏಷಣೆಗಳಿಂದ, ಅಂದರೆ ಬಯಕೆಗಳಿಂದ, ಆರಂಭವಾಗುವ ಆ ಅಧ್ಯಾಯ, ಪರಲೋಕ ಉಂಟೋ ಇಲ್ಲವೋ ಎಂಬ ಸಂಶಯವನ್ನು ಎತ್ತಿ, ಅದರ ಪರಿಹಾರಕ್ಕಾಗಿ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಪರೀಕ್ಷೆಗಳನ್ನು ನಿರೂಪಿಸುತ್ತದೆ. ಪರಲೋಕವನ್ನೇ ಪರೀಕ್ಷೆಗೆ ಒಡ್ಡಿದ ಶಾಸ್ತ್ರಕಾರನ ಹೆಸರಿನಲ್ಲಿ ಒಂದು ಡಬ್ಬಿಯ ಪುಡಿಗೆ ಪರೀಕ್ಷೆ ಬೇಡವೆನ್ನುವುದು ಎಂಥ ಅನ್ಯಾಯ! ಯುಕ್ತಿಗೆ ಅವನು ಕೊಡುವ ನಿದರ್ಶನ ನೀರು, ಉಳುಮೆ, ಬೀಜ, ಋತು ಇವುಗಳ ಸಂಯೋಗದಿಂದ ಹುಟ್ಟುವ ಪೈರು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಇಳುವರಿ ಹೆಚ್ಚಿದ ವರುಷ ಅದು ಹೊಸ ಗೊಬ್ಬರದ ಫಲವೋ ಹದವಾದ ಮಳೆಯ ಫಲವೋ ಎಂದು ತಿಳಿಯಲು, ಗೊಬ್ಬರವಿಲ್ಲದ ಪಕ್ಕದ ಗದ್ದೆಯನ್ನೂ ನೋಡಬೇಕೆಂಬುದು ಅವನ ದಿನನಿತ್ಯದ ವಿವೇಕ.

ಅದೇ ಅಧ್ಯಾಯದಲ್ಲಿ ಚಿಕಿತ್ಸೆಯನ್ನು ದೈವವನ್ನು ನೆಮ್ಮಿದ ದೈವವ್ಯಪಾಶ್ರಯ, ಯುಕ್ತಿಯನ್ನು ನೆಮ್ಮಿದ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಗೆಲ್ಲುವ ಸತ್ತ್ವಾವಜಯ ಎಂದು ಮೂರಾಗಿ ವಿಂಗಡಿಸಿದೆ. ಮೊದಲನೆಯದಕ್ಕೆ ನಿದರ್ಶನ ನಮ್ಮ ಸೀಮೆಯಲ್ಲಿಯೇ ಉಂಟು. ಮದ್ದೂರಿನ ಬಳಿಯ ಶಿಂಷಾ ತೀರದಲ್ಲಿ ವೈದ್ಯನಾಥಪುರವಿದೆ; ಅಲ್ಲಿ ಶಿವನು ವೈದ್ಯನಾಥೇಶ್ವರನಾಗಿ, ವೈದ್ಯರಿಗೆಲ್ಲ ಒಡೆಯನಾಗಿ ಪೂಜೆಗೊಳ್ಳುತ್ತಾನೆ. ರೋಗಪರಿಹಾರಕ್ಕೆ ಹರಕೆ ಹೊತ್ತು ಹೋಗುವವರನ್ನು ಕಂಡು ಮೂಢರೆನ್ನುವ ಮನಸ್ಸು ನನಗಿಲ್ಲ. ಹರಕೆ ಹೊತ್ತವಳು ದೇವರೊಡನೆ ಮಾಡಿಕೊಂಡದ್ದು ಶರಣಾಗತಿ. ಅದರಲ್ಲಿ ಮಿಲಿಗ್ರಾಮಿನ ಪ್ರತಿಜ್ಞೆಯಿಲ್ಲ, ಮೂರು ತಿಂಗಳ ಗಡುವಿಲ್ಲ, ಮತ್ತೊಂದು ಚಿಕಿತ್ಸೆಯನ್ನು ಬಿಡೆಂಬ ಆಜ್ಞೆಯಿಲ್ಲ. ನೋವು ತಗ್ಗದೆಯೂ ಅವಳಿಗೆ ಅಲ್ಲಿ ಧೈರ್ಯ ದೊರೆತೀತು, ಆ ಧೈರ್ಯವೂ ಚಿಕಿತ್ಸೆಯ ಒಂದು ಅಂಗವೇ ಸರಿ. ಆದರೆ ದ್ರವ್ಯವೊಂದು ಶರೀರದಲ್ಲಿ ಇಂಥ ಕಾರ್ಯವನ್ನು ಮಾಡುತ್ತದೆಂದು ಹೇಳಿ ಹಣ ಪಡೆಯುವವನು ಯುಕ್ತಿಯ ಕ್ಷೇತ್ರಕ್ಕೆ ಕಾಲಿಟ್ಟಿದ್ದಾನೆ. ಅಲ್ಲಿ ಅವನು ಪ್ರಶ್ನೆಗೆ ಉತ್ತರ ಕೊಡಬೇಕು. ಭಕ್ತಿಗೆ ಸಲ್ಲುವ ವಿನಾಯಿತಿಯನ್ನು ವ್ಯಾಪಾರಕ್ಕೆ ಕೊಡಲಾಗದು.

ಗಿಡಮೂಲಿಕೆ ಸೌಮ್ಯ, ರಾಸಾಯನಿಕ ಕ್ರೂರ ಎಂಬ ವಿಭಾಗವೂ ನಿಲ್ಲುವಂಥದಲ್ಲ. ಎಂಡೊಮೆಟ್ರಿಯೋಸಿಸ್ಸಿಗೆ ಇಂದು ವೈದ್ಯರು ಬರೆಯುವ ಪ್ರೊಜೆಸ್ಟಿನ್ ವರ್ಗದ ಔಷಧಗಳ ಇತಿಹಾಸ ಮೆಕ್ಸಿಕೋ ದೇಶದ ಕಾಡುಗೆಣಸಿಗೆ ಹೋಗಿ ಮುಟ್ಟುತ್ತದೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞನು ಆ ಗೆಣಸಿನ ಡಯೋಸ್ಜೆನಿನ್ ಎಂಬ ದ್ರವ್ಯದಿಂದ ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ತಯಾರಿಸಿದನು. ಗೆಣಸು ತನ್ನಷ್ಟಕ್ಕೆ ಮದ್ದಾಗಲಿಲ್ಲ. ಅದನ್ನು ತಿಂದರೆ ಮನುಷ್ಯದೇಹ ಆ ಪರಿವರ್ತನೆಯನ್ನು ಮಾಡಲಾರದು. ಅತ್ತ, ಅಡುಗೆಯಲ್ಲಿ ನಿರಪಾಯವಾದ ಅರಿಶಿನವೇ, ಕರಿಮೆಣಸಿನ ಸತ್ತ್ವದೊಡನೆ ಬೆರೆತು ರಕ್ತಕ್ಕೆ ಹೆಚ್ಚಾಗಿ ಸೇರುವಂತೆ ಮಾಡಿದ ಗುಳಿಗೆಯ ರೂಪದಲ್ಲಿ, ಕೆಲವರ ಯಕೃತ್ತನ್ನು ಗಾಸಿಗೊಳಿಸಿರುವುದು ದಾಖಲಾಗಿದೆ. ಜೀರಿಗೆ ಕಷಾಯ, ಶುಂಠಿ, ಬಿಸಿನೀರಿನ ಶಾಖ ಇವುಗಳಿಂದ ಹಿತವೆನಿಸಿದರೆ ಬೇಡವೆನ್ನುವವರಾರೂ ಇಲ್ಲ; ರೋಗವನ್ನೇ ನಿಗ್ರಹಿಸುತ್ತೇನೆಂಬ ಗುಳಿಗೆಯ ಮಾತು ಬೇರೆ.

ಹೆಂಗಸರು ಈ ಡಬ್ಬಿಗಳ ಕಡೆಗೆ ಏಕೆ ಒಲಿಯುತ್ತಾರೆಂಬುದನ್ನೂ ಸಹಾನುಭೂತಿಯಿಂದ ಕಾಣಬೇಕು. ಹಾರ್ಮೋನಿನ ಗುಳಿಗೆ ನೋವನ್ನು ಅನೇಕರಲ್ಲಿ ತಗ್ಗಿಸುವುದು ಪರೀಕ್ಷಿತವಾದ ಸಂಗತಿಯಾದರೂ, ಬಿಟ್ಟರೆ ನೋವು ಮರಳಬಹುದು; ಬಸಿರನ್ನು ಬಯಸುವವಳಿಗೆ ಅದು ಹೊಂದದು; ಶಸ್ತ್ರಚಿಕಿತ್ಸೆಯ ಮೇಲೂ ರೋಗ ಮತ್ತೆ ತಲೆದೋರಬಹುದು. ಇದರ ಮೇಲೆ, ಗರ್ಭಕೋಶ ತೆಗೆಸಿಬಿಡಿ ಎಂಬ ಸುಲಭವಾದ ಸಲಹೆ ನಮ್ಮ ಹಳ್ಳಿಗಳ ಹೆಂಗಸರಿಗೆ ಎಷ್ಟು ಬೇಗ ದೊರೆಯುತ್ತದೆಂಬುದನ್ನು, 2015ರ ಸುಮಾರಿನಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಹೊರಬಿದ್ದ ಅನಗತ್ಯ ಶಸ್ತ್ರಚಿಕಿತ್ಸೆಗಳ ಸುದ್ದಿ ನಾಡಿಗೆಲ್ಲ ತಿಳಿಸಿತು. ರೋಗ ಗರ್ಭಕೋಶದ ಹೊರಗೆ ಬೇರೂರಿದ್ದರೆ, ಗರ್ಭಕೋಶವನ್ನು ಕಳೆದುಕೊಂಡೂ ನೋವನ್ನು ಉಳಿಸಿಕೊಂಡವಳ ಪಾಡೇನು? ಕೇಳುವವರಿಲ್ಲದ ಕಡೆಯಿಂದ ಎದ್ದು, ಕೇಳುವಂತೆ ತೋರುವ ಅಂಗಡಿಯವನ ಬಳಿಗೆ ಅವಳು ಹೋದದ್ದರಲ್ಲಿ ಅವಿವೇಕವೇನೂ ಇಲ್ಲ.

ಮದ್ದನ್ನು ಪರೀಕ್ಷಿಸಲು ಬೇಕಾದ ಸಂಸ್ಥೆಗಳು ನಮ್ಮ ಸುತ್ತಲೇ ಇವೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ನೂರು ವರುಷಗಳನ್ನು ದಾಟಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯವಿಜ್ಞಾನ ಸಂಸ್ಥೆಯಿದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜಿದೆ. ನಿಜವಾದ ಅಶೋಕದ ತೊಗಟೆಯನ್ನು ಸಸ್ಯಶಾಸ್ತ್ರಜ್ಞನಿಂದ ಗುರುತಿಸಿ, ಒಂದೇ ಕ್ರಮದಲ್ಲಿ ಅರಿಷ್ಟವನ್ನು ತಯಾರಿಸಿ, ರೋಗ ನಿರ್ಣಯವಾದ ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಬಣ್ಣದಲ್ಲಿಯೂ ರುಚಿಯಲ್ಲಿಯೂ ಭೇದ ತಿಳಿಯದ ಹುಸಿ ಅರಿಷ್ಟವನ್ನು ಒಂದು ಗುಂಪಿಗೆ ಕೊಟ್ಟು, ಪರೀಕ್ಷೆಯ ಕಾಲದಲ್ಲಿ ಅವರ ರೂಢಿಯ ಚಿಕಿತ್ಸೆಯನ್ನು ತಪ್ಪಿಸದೆ, ಆರು ತಿಂಗಳು ಅವರ ನೋವಿನ ಲೆಕ್ಕವನ್ನು ಇಡುವುದು ಈ ಸಂಸ್ಥೆಗಳು ಒಟ್ಟುಗೂಡಿದರೆ ಅಸಾಧ್ಯವಾದ ಕಾರ್ಯವೇನಲ್ಲ. ನೋವಿನ ಲೆಕ್ಕವಿಡುವುದು ಮನೆಯಲ್ಲಿಯೂ ಸಾಧ್ಯ: ನಮ್ಮ ಮನೆಗಳ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹೆಂಗಸರು ಮುಟ್ಟಿನ ದಿನಕ್ಕೆ ಗುರುತು ಹಾಕುವುದು ಹಳೆಯ ರೂಢಿ; ಆ ಗುರುತಿನ ಪಕ್ಕದಲ್ಲಿ ನೋವು ಎಷ್ಟು, ಅಂದು ಯಾವ ಕೆಲಸ ತಪ್ಪಿತು, ಏನನ್ನು ಸೇವಿಸಿದೆ ಎಂದು ಎರಡು ಅಕ್ಷರ ಕೂಡಿಸಿ, ಮೂರು ತಿಂಗಳ ಹಾಳೆಗಳನ್ನು ಹರಿದು ತಂದು ಮೇಜಿನ ಮೇಲಿಟ್ಟರೆ, ವೈದ್ಯನು ಮೊದಲು ಓದಬೇಕಾದದ್ದು ಅದನ್ನು; ಸ್ಕ್ಯಾನಿನ ವರದಿಯನ್ನು ಆಮೇಲೆ ಓದಬಹುದು.